ಮೋಟಾರಿನ ಸೀಟಿಗೆ ಕಂಬಳಿ

ಯಾರಾದರೂ ಮೋಟಾರಿನ ಬಾಗಿಲು ತೆರೆದು "ಕುಂದ್ರಿ" ಅಂದರೆ ನಾನು ಈಗಲೂ ಮೊದಲು ಸೀಟನ್ನು ಬೆರಳಿನಿಂದ ಒತ್ತಿ ನೋಡುತ್ತೇನೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ. ನನಗೆ ಮೋಟಾರಿನ ಮೋಜು ಅದರ ಸೀಟಿಗೆ ಕೈ ಹಚ್ಚಿದ ಹದಿಮೂರನೆಯ ದಿನಕ್ಕೇ ತೀರಿತ್ತು, ಅದೂ ಅದರಲ್ಲಿ ಮೊದಲ ಸಲ ಕೂತ ದಿನವೇ.

ಆಗ ನಮ್ಮ ಹೊಸಪೇಟೆ ಮದರಾಸಿಗೆ ಸೇರಿತ್ತು, ಯುದ್ಧ ಇನ್ನೂ ಶುರುವಾಗಿರಲಿಲ್ಲ. ಸಂಡೂರಿನ ಗಣಿಯಲ್ಲಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಅವನ ಹಳೆಯ ಮೋಟಾರನ್ನು ನನ್ನ ಗಂಡ ತಂದು ಅಂಗಳದಲ್ಲಿ ನಿಲ್ಲಿಸಿದರು. ಅಕ್ಕಿ ವ್ಯಾಪಾರದ ಮನುಷ್ಯನಿಗೆ ಮೋಟಾರು ಏಕೆ ಎಂದು ನಾನು ಕೇಳಲಿಲ್ಲ. ಕೇಳುವ ಪದ್ಧತಿಯೂ ನಮ್ಮ ಮನೆಯಲ್ಲಿರಲಿಲ್ಲ. ಅತ್ತೆಯ ಎದುರಿಗೆ ನಿಂತು ಸೊಸೆ ಬಾಯಿ ತೆರೆಯುವಂತಿರಲಿಲ್ಲ. ಅವರು ನನಗೆ ಹೇಳುವುದನ್ನು ಗಂಡನಿಗೆ ಹೇಳುತ್ತಿದ್ದರು, ನಾನು ಕೇಳುವುದನ್ನೂ ಗಂಡನ ಮುಖಾಂತರವೇ ಕೇಳಬೇಕಿತ್ತು. ಆ ಮಹಾರಾಯ ಅರ್ಧ ಮರೆತು ಅರ್ಧ ಮುಟ್ಟಿಸುತ್ತಿದ್ದರು.

ಮೋಟಾರು ಬಂದ ವಾರಕ್ಕೆ ಕಂಪ್ಲಿಯ ನನ್ನ ತವರಿನಿಂದ ಆಳೊಬ್ಬ ಸೈಕಲ್ ತುಳಿದುಕೊಂಡು ಬಂದ. ನೀರು ಕುಡಿದು ಕಟ್ಟೆಯ ಮೇಲೆ ಕೂತು ಸುದ್ದಿ ಹೇಳಿದ.

"ಅವ್ವಾರಿಗೆ ಲಕ್ವ ಹೊಡದೈತ್ರಿ ಅಕ್ಕಾರ. ಗಾಬರಿ ಆಗಬ್ಯಾಡ್ರಿ, ಎಡಗೈ ಅಷ್ಟ ಎತ್ತಾಕ ಆಗವಲ್ದು. ನಾಲಿಗಿ ಸ್ವಲ್ಪ ತೊದಲತೈತಿ. ನಿಮಗ ಒಂದು ಮಾತು ಹೇಳೂದೈತಂತ. ಬ್ಯಾರೆ ಯಾರ ಕೂಡನೂ ಹೇಳವಲ್ರು. ಜಲ್ದಿ ಬರ್ರಿ."

ಕಬ್ಬಿನ ಗಾಣ ನಡೆಯುವ ಕಾಲ ಅದು. ಊರಿನ ಎತ್ತುಗಳೆಲ್ಲ ಗಾಣಕ್ಕೆ ಕಟ್ಟಿದ್ದವು. "ಬಂಡಿ ಯಾಕ? ನಮ್ಮ ಮೋಟಾರ ಐತಲ್ಲ, ಎರಡು ತಾಸಿನ ದಾರಿ," ಅಂದರು ನನ್ನ ಗಂಡ. ಬೀಗಿತ್ತಿ ಹಾಸಿಗೆ ಹಿಡಿದಾಗ ಅತ್ತೆಯೂ ಹೋಗಿ ಮಾತಾಡಿಸಬೇಕು, ಸೊಸೆಯೊಬ್ಬಳನ್ನೇ ಕಳಿಸುವುದು ಚೆಂದವಲ್ಲ. ಹಾಗಾಗಿ ಗಂಡ ಒಳಗೆ ಹೋಗಿ ತಾಯಿಯನ್ನು ಕೇಳಿ ಬಂದರು.

"ಅವ್ವ ತೊಗಲಿನ ಮ್ಯಾಲೆ ಕುಂದ್ರಂಗಿಲ್ಲಂತ. ಕೊರಳಾಗ ಲಿಂಗ ಐತಿ, ದನದ ತೊಗಲಿನ ಮ್ಯಾಲೆ ಹೆಂಗ ಕುಂದ್ರಲಿ ಅಂತಾಳ."

ದೊರೆಯ ಮೋಟಾರಿನ ಸೀಟೆಲ್ಲ ಚರ್ಮದ್ದು, ಕೆಂಪಗೆ ಮಿರಿಮಿರಿ ಮಿಂಚುತ್ತಿತ್ತು. ಮೋಚಿಗೆ ಕೊಟ್ಟರೆ ಅವನು ಮತ್ತೆ ಚರ್ಮವನ್ನೇ ಹಾಕುತ್ತಾನೆ. ದರ್ಜಿಯ ಕೈಯಲ್ಲಿ ಇಂಥದ್ದು ಆಗುವುದಿಲ್ಲ. "ನಾನs ಹೊಲೀತೀನಿ. ಚರ್ಮ ಕಿತ್ತು ಕಂಬಳಿ ಹಾಕೂಣು," ಅಂದೆ. ನಮ್ಮಲ್ಲಿ ಕಂಬಳಿಗೆ ಮೈಲಿಗೆಯಿಲ್ಲ. ಸ್ವಾಮಿಗಳು ಮನೆಗೆ ಬಂದರೂ ಅದನ್ನೇ ಹಾಸುವುದು. ಕೌದಿ ಹೊಲಿದ ಕೈ ನನ್ನದು, ಇದೇನು ಮಹಾ ಅನ್ನಿಸಿತ್ತು. ಮೂರು ದಿನದಲ್ಲಿ ಮುಗಿಸುತ್ತೇನೆಂದು ಆಳಿಗೆ ಹೇಳಿ ಕಳಿಸಿದೆ.

ಚರ್ಮ ಕೀಳುವುದಕ್ಕೇ ಎರಡು ದಿನ ಹಿಡಿಯಿತು. ಗಂಡ ಇಕ್ಕಳದಿಂದ ಮೊಳೆ ಎಳೆಯುತ್ತಿದ್ದರು, ನಾನು ಬಟ್ಟಲಿಗೆ ಹಾಕಿಕೊಳ್ಳುತ್ತಿದ್ದೆ. ಒಳಗಿಂದ ಸಂಡೂರಿನ ಗಣಿಯ ಕೆಂಪು ಧೂಳು ಸೇರುಗಟ್ಟಲೆ ಸುರಿಯಿತು. ಅದರ ಕೆಳಗೆ ಕುದುರೆಯ ಕೂದಲು, ಅದರ ಕೆಳಗೆ ತಂತಿಯ ಸುರುಳಿಗಳು. ಕೂದಲನ್ನೂ ತೆಗೆದು ಹಿತ್ತಲಿಗೆ ಹಾಕಿದೆ. ಚರ್ಮ ಮುಟ್ಟಿದ ಕೈಯಲ್ಲಿ ಅಡಿಗೆಮನೆಗೆ ಹೋಗುವಂತಿಲ್ಲ. ಒಲೆ ಹಚ್ಚುವ ಮೊದಲು ಮೈತೊಳೆಯಬೇಕು, ಊಟಕ್ಕೆ ಬಡಿಸಿ ಮತ್ತೆ ಚರ್ಮ, ಮತ್ತೆ ಮೈತೊಳೆಯುವುದು. ಎರಡನೆಯ ದಿನ ಸಂಜೆ ಒದ್ದೆ ಸೀರೆಯಲ್ಲೇ ರೊಟ್ಟಿ ಬಡಿಯುತ್ತ ಕೂತಾಗ ನನಗೆ ಅಳು ಬಂತು. ಅತ್ತೆ ನೋಡಿಯೂ ನೋಡದ ಹಾಗೆ ಎದ್ದು ಹೋದರು.

ಚೋರನೂರಿನ ಕಡೆಯ ಒಳ್ಳೆಯ ಕರಿ ಕಂಬಳಿ ತರಿಸಿದೆವು. ಕಿತ್ತ ಚರ್ಮವನ್ನೇ ಅಳತೆಗಿಟ್ಟು ಕತ್ತರಿಸಿದೆ. ಆದರೆ ಹೊಸ ಕಂಬಳಿಗೆ ಹುಣಸೆ ಬೀಜದ ಗಂಜಿ ಕುಡಿಸಿರುತ್ತಾರಲ್ಲ, ಹಲಗೆಯ ಹಾಗೆ ಬಿರುಸು. ಗೋಣಿ ಹೊಲಿಯುವ ದಬ್ಬಣ ಕೂಡ ಇಳಿಯಲಿಲ್ಲ. ಮೆತ್ತಗಾಗಲೆಂದು ಬಿಸಿನೀರಲ್ಲಿ ನೆನೆಸಿ ತುಳಿದೆ. ಒಣಗಿದ ಮೇಲೆ ಹಾಸಿ ನೋಡಿದರೆ ಗೇಣು ಕುಗ್ಗಿತ್ತು. ಮೊದಲು ನೆನೆಸಿ ಆಮೇಲೆ ಕತ್ತರಿಸಬೇಕೆಂದು ಎಂಟು ವರ್ಷದ ಹುಡುಗಿಗೂ ತಿಳಿಯುವ ಸಂಗತಿ, ನನಗೆ ಹೊಳೆಯಲಿಲ್ಲ. ಇನ್ನೊಂದು ಕಂಬಳಿ ಬರುವುದಕ್ಕೆ, ಅದು ನೆನೆದು ಒಣಗುವುದಕ್ಕೆ ನಾಲ್ಕು ದಿನ ಹೋದವು.

ಪಿಂಜಾರ ಬಂದು ಅರಳೆ ಹಿಂಜಿ ಕೊಟ್ಟ. ಸುರುಳಿಗಳ ಮೇಲೆ ಗೋಣಿ, ಅದರ ಮೇಲೆ ತೆಂಗಿನ ನಾರು, ಅದರ ಮೇಲೆ ಅರಳೆ ಹಾಸಿ ಕಂಬಳಿ ಎಳೆದು ಹೊಲಿದೆ. ದಬ್ಬಣ ನೂಕಿ ನೂಕಿ ಬಲಗೈಯ ಬೆರಳ ತುದಿಗಳು ಒಡೆದವು. ಮೂಲೆಗಳಲ್ಲಿ ಕಂಬಳಿ ನೆರಿಗೆ ಬೀಳುತ್ತಿತ್ತು, ಬಿಚ್ಚಿ ಹೊಲಿದೆ, ಮತ್ತೆ ಬಿಚ್ಚಿದೆ. ಮೈ ಹಣ್ಣಾಗಿ ಹೋಯಿತು. ಅಂತೂ ಹತ್ತನೆಯ ದಿನ ಮಧ್ಯಾಹ್ನ ಗಂಡ ಕೊನೆಯ ಮೊಳೆ ಹೊಡೆದು, "ಮುಗೀತಲ್ಲ, ನಾಳೆ ಹೊರಡೂಣು," ಅಂದರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ದೊರೆಯ ಸೀಟಿನಲ್ಲಿ ಸಾಲಾಗಿ ಗುಂಡಿಗಳಿದ್ದವು, ನನ್ನ ಸೀಟು ಬೋಳುಬೋಳಾಗಿ ಕಾಣುತ್ತಿತ್ತು. ಇಷ್ಟೆಲ್ಲ ಸತ್ತು ಮಾಡಿದ್ದು ನೋಡಿದವರಿಗೆ ಹೇಗೋ ಕಟ್ಟಿದ ಮೂಟೆಯಂತೆ ಕಾಣಬಾರದೆಂಬ ಹುಚ್ಚು ಹಿಡಿಯಿತು ನನಗೆ. ತವರಿನ ಬಾಗಿಲಲ್ಲಿ ಮೋಟಾರು ನಿಂತಾಗ ಅವ್ವ ಕಣ್ಣಾರೆ ನೋಡಬೇಕು, ನನ್ನ ಮಗಳು ಹೊಲಿದದ್ದು ಅನ್ನಬೇಕು. "ಇನ್ನೆರಡು ದಿನ ತಡೀರಿ," ಅಂದೆ. ಹುಣಸೆ ಬೀಜಕ್ಕೆ ಕೆಂಪು ಖಣದ ಚೂರು ಸುತ್ತಿ ಇಪ್ಪತ್ನಾಲ್ಕು ಗುಂಡಿ ಮಾಡಿದೆ. ಒಂದೊಂದನ್ನೂ ಅರಳೆಯ ಆಳಕ್ಕೆ ಎಳೆದು ಹಿಂದೆ ಗಂಟು ಹಾಕಿದೆ. ಹನ್ನೆರಡನೆಯ ದಿನದ ಸಂಜೆ ಸೀಟು ದೊರೆಯದಕ್ಕಿಂತ ಚೆನ್ನಾಗಿತ್ತು. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಮರುದಿನ ಬೆಳಿಗ್ಗೆ ಹೊರಟೆವು. ಅತ್ತೆ ಒಳಗೆ ಹತ್ತಿ, ಕೂತು, ಕಂಬಳಿಯನ್ನು ಎರಡೂ ಕೈಯಿಂದ ಸವರಿ ನೋಡಿದರು. ಕಮಲಾಪುರ ದಾಟಿ, ಹಂಪಿಯ ಕಡೆಯ ಬಂಡೆಗಳು ಹಿಂದೆ ಸರಿದ ಮೇಲೆ, ಮದುವೆಯಾಗಿ ಆರು ವರ್ಷದಲ್ಲಿ ಮೊದಲ ಸಲ ನೇರ ನನ್ನ ಕಡೆಗೇ ತಿರುಗಿ ಮಾತಾಡಿದರು.

"ಭಾಳ ಚೆಂದ ಮಾಡೀಯವ್ವಾ. ಆದರ ಇಷ್ಟೆಲ್ಲಾ ಯಾಕ ಬಿಚ್ಚಿದಿ? ಮ್ಯಾಲೊಂದು ಕಂಬಳಿ ಹಾಸಿದ್ದರ ಸಾಕಿತ್ತು. ನಾ ಅವತ್ತs ಕುಂದರತಿದ್ದೆ. ಕಂಬಳಿ ಅಡ್ಡ ಬಂದ ಮ್ಯಾಲೆ ತೊಗಲು ಏನ ಮಾಡತೈತಿ?"

ನಾನು ಗಂಡನ ಬೆನ್ನನ್ನು ನೋಡಿದೆ. ಅವರು ರಸ್ತೆ ನೋಡುತ್ತಿದ್ದರು.

"ಕೇಳಬೇಕಿಲ್ಲೇನು?" ಅಂದರು ಅತ್ತೆ. "ನೀನs ಹುರುಪಿಲೆ ಬಿಚ್ಚಾಕ ಹತ್ತಿದಿ. ಮೋಟಾರಕ್ಕ ಹಂಗs ಮಾಡಬೇಕೇನೋ ಅಂತ ನಾ ಸುಮ್ಮನಿದ್ದೆ."

ಆರು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು. ಅವರ ಮೇಲೆ ಸಿಟ್ಟು ಬರಲಿಲ್ಲ. ಗಂಡನ ಮೇಲೂ ಇಲ್ಲ. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಉಳಿದ ದಾರಿಯುದ್ದಕ್ಕೂ ಒಂದು ಗುಂಡಿಯನ್ನು ತಿರುವುತ್ತ ಕೂತೆ.

ತವರಿನ ಬಾಗಿಲಿಗೆ ಅತ್ತಿಗೆ ಬಂದಳು. ಮೋಟಾರನ್ನು ಅವಳು ನೋಡಲೇ ಇಲ್ಲ.

"ಮೊನ್ನೆ ಮುಂಜಾನೆತನ ಮಾತಾಡತಿದ್ರು," ಅಂದಳು. "ಬಂದಳೇನು, ಬಂದಳೇನು ಅಂತ ಕೇಳೀ ಕೇಳೀ... ಮೊನ್ನೆ ಮಧ್ಯಾಹ್ನ ಇನ್ನೊಮ್ಮೆ ಹೊಡೀತು. ಈಗ ಬಾಯಿ ಪೂರಾ ಹೋಗೈತಿ."

ಅವ್ವನ ಕಣ್ಣು ತೆರೆದಿತ್ತು. ನನ್ನನ್ನು ಗುರುತಿಸಿದಳು. ತುಟಿ ಅಲುಗಿತು, ಗಂಟಲಿನಲ್ಲಿ ಏನೋ ಸದ್ದಾಯಿತು, ಮಾತಾಗಲಿಲ್ಲ. ಮತ್ತೆ ಪ್ರಯತ್ನಿಸಿದಳು. ಆಮೇಲೆ ಸುಮ್ಮನಾಗಿ, ಚೆನ್ನಾಗಿದ್ದ ಬಲಗೈಯಿಂದ ನನ್ನ ಕೈ ಹಿಡಿದುಕೊಂಡಳು. ಒಡೆದ ಬೆರಳುಗಳು ಅವಳ ಕೈಗೆ ತಗುಲಿದವು. ಒಂದೊಂದೇ ಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಸವರಿ, ಏನಾಯಿತು ಅನ್ನುವ ಹಾಗೆ ನನ್ನ ಮುಖ ನೋಡಿದಳು.

"ಸೀಟು ಹೊಲದೆ ಅವ್ವಾ," ಅಂದೆ.

ಎಂಟು ದಿನ ಅಲ್ಲೇ ಇದ್ದೆ. ಎಂಟು ದಿನವೂ ಅವಳ ಬಾಯಿಯನ್ನೇ ನೋಡುತ್ತ ಕೂತಿದ್ದೆ. ಒಂಬತ್ತನೆಯ ದಿನ ಅವ್ವ ಹೋದಳು. ನನಗೊಬ್ಬಳಿಗೇ ಹೇಳಬೇಕೆಂದಿದ್ದ ಆ ಮಾತು ಏನೆಂದು ಅಣ್ಣನಿಗೂ ಗೊತ್ತಿರಲಿಲ್ಲ, ಅತ್ತಿಗೆಗೂ ಗೊತ್ತಿರಲಿಲ್ಲ. ನನಗೆ ಗೊತ್ತಿರುವುದು ಗುಂಡಿಗಳ ಲೆಕ್ಕ ಮಾತ್ರ.