ಸಾರಂಗ ದುಂಬಿಯ ಬಲ ಮುಂಗಾಲು

೨೦೦೩ಕ್ಕೆ ನಾನು ಉಡುಪಿಯಲ್ಲಿ ಸ್ಟುಡಿಯೋ ತೆರೆದು ಹದಿನಾಲ್ಕು ವರ್ಷವಾಗಿತ್ತು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೋಗಳಲ್ಲಿ ಕೈ ಪಳಗಿತ್ತು. ಆ ವರ್ಷ ಕಾರ್ಕಳದಿಂದ ವಸಂತಿ ಮೇಡಂ ಬಂದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾಗಿ, ಮಕ್ಕಳಿಗಾಗಿ ಕೀಟಗಳ ಪುಸ್ತಕವೊಂದನ್ನು ಬರೆದಿದ್ದರು. ಅವರ ಕೈಯಲ್ಲಿದ್ದ ಡಬ್ಬಿಯೊಳಗೆ ಹತ್ತಿಯ ಮೇಲೆ ಒಂದು ಸತ್ತ ದುಂಬಿ. ಕಡುಕಪ್ಪು, ಮೂರು ಇಂಚಿಗೂ ಉದ್ದ, ಸಾರಂಗದ ಕೊಂಬಿನಂಥ ದವಡೆ.

“ಇಷ್ಟು ವರ್ಷದಲ್ಲಿ ಇದೊಂದೇ ನನಗೆ ಸಿಕ್ಕಿದ್ದು. ಮುಖಪುಟಕ್ಕೆ ಬೇಕು. ಆರು ಕಾಲೂ ಸರಿಯಾಗಿ ಕಾಣಬೇಕು” ಎಂದರು.

ಅಳುವ ಮಕ್ಕಳನ್ನು ನಗಿಸಿ ಫೋಟೋ ತೆಗೆದವನಿಗೆ ಅಲುಗಾಡದ ಹುಳ ಯಾವ ಲೆಕ್ಕ ಎಂದುಕೊಂಡೆ.

ಸ್ಟುಡಿಯೋದಲ್ಲಿ ಗಿರಾಕಿಗಳ ಗದ್ದಲ. ಹಾಗಾಗಿ ಭಾನುವಾರ ಎರಡು ಫ್ಲಾಶ್ ಲೈಟು, ಎರಡು ಬಿಳಿ ಕೊಡೆಗಳನ್ನು ಶಂಕರಪುರದ ಮನೆಗೆ ತಂದು ಚಾವಡಿಯಲ್ಲಿ ನಿಲ್ಲಿಸಿದೆ. ಕೊಡೆಗೆ ಬಡಿದ ಬೆಳಕು ಹರಡಿ, ಮನುಷ್ಯರ ಮುಖ ಮೃದುವಾಗಿ ಕಾಣುತ್ತದೆ. ದುಂಬಿಯ ಬೆನ್ನಾದರೋ ಕನ್ನಡಿ! ಎರಡು ಕೊಡೆ, ಕಿಟಕಿ, ನನ್ನ ಬನಿಯನ್ ಎಲ್ಲ ಅದರಲ್ಲಿ ಹೊಳೆಯುತ್ತಿದ್ದವು. ಹೊಳಪು ತಗ್ಗಲೆಂದು ಟ್ರೇಸಿಂಗ್ ಪೇಪರಿನಿಂದ ಅದರ ಸುತ್ತ ಗುಡಾರ ಕಟ್ಟಿದೆ. ದವಡೆಗೆ ಫೋಕಸ್ ಮಾಡಿದರೆ ಹಿಂಭಾಗ ಮಸುಕು. ಫ್ಯಾನ್ ಹಾಕಿದರೆ ಧೂಳು, ಆರಿಸಿದರೆ ನನ್ನ ಬೆವರು ಹುಳದ ಮೇಲೆ. ಇಷ್ಟರಲ್ಲಿ ಇರುವೆಗಳ ಸಾಲೊಂದು ಮೇಜು ಹತ್ತಿತು.

ಹೆಂಡತಿ ಜಲಜಾ ಮಲ್ಲಿಗೆ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಳು. “ಎಂತ ಮಾರಾಯ್ರೆ ಇದು? ಹುಳಕ್ಕೆ ಚಾವಡಿ, ಹೂ ಕಟ್ಟುವವರಿಗೆ ಅಂಗಳವಾ?”

ಸಿಟ್ಟಿನಿಂದಲೇ ಬ್ರಷ್ ತೆಗೆದುಕೊಂಡು ಇರುವೆಗಳನ್ನು ಗುಡಿಸಿದೆ. ಟಕ್ ಎಂದು ಸಣ್ಣ ಸದ್ದು. ಬಲ ಮುಂಗಾಲು ಕಳಚಿ ಮೇಜಿನ ಮೇಲೆ ಬಿತ್ತು.

“ಈಗಲೇ ಅವರಿಗೆ ಫೋನ್ ಮಾಡಿ ಹೇಳಿ” ಎಂದಳು ಜಲಜಾ.

“ನೀನು ಸುಮ್ಮನಿರು” ಎಂದೆ. ಕಾಲನ್ನು ಅಂಟಿನಿಂದ ಕೂರಿಸಿ, ಮೂವತ್ತಾರು ಫ್ರೇಮಿನ ಇಡೀ ರೋಲು ಮುಗಿಸಿದೆ.

ಬೆಂಗಳೂರಿನ ಲ್ಯಾಬಿನಿಂದ ಸ್ಲೈಡುಗಳು ಬರಲು ಹತ್ತು ದಿನ ಹಿಡಿಯಿತು. ಚೆನ್ನಾಗಿಯೇ ಬಂದಿದ್ದವು. ಕಾರ್ಕಳಕ್ಕೆ ಹೋಗಿ ಕೊಟ್ಟೆ. ಮೇಡಂ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

“ಈ ಕಾಲಿನ ಮುಳ್ಳುಗಳು ಒಳಬದಿಗೆ ಯಾಕೆ ಉಂಟು? ಅವು ಹೊರಬದಿಗೆ ಇರಬೇಕಲ್ವಾ?”

ತಿರುವುಮುರುವಾಗಿ ಅಂಟಿಸಿದ್ದೆ! ತಲೆತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದೆ.

“ಒಣಗಿದ ಹುಳದ ಕಾಲು ನನ್ನ ಕೈಯಲ್ಲೂ ಮುರಿದದ್ದುಂಟು. ಅದಕ್ಕೆ ಬೇಸರ ಇಲ್ಲ. ನಾನು ನೋಡದೆ ಇದನ್ನೇ ಅಚ್ಚು ಹಾಕಿಸಿದ್ದರೆ? ಮಕ್ಕಳು ನನ್ನನ್ನು ನಂಬಿ ತಪ್ಪು ಕಲಿಯುತ್ತಿದ್ದರು” ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಮುಂದಿನ ಭಾನುವಾರ ಮೇಡಂ ತಾವೇ ಶಂಕರಪುರಕ್ಕೆ ಬಂದರು. ಅಂಟು ಬಿಡಿಸಿ, ಚಿಮುಟದಿಂದ ಕಾಲನ್ನು ಸರಿಯಾಗಿ ಕೂರಿಸಿದರು. ಮತ್ತೆ ಅದೇ ಗುಡಾರ, ಅದೇ ಸೆಕೆ, ಇನ್ನೊಂದು ರೋಲು. ಪುಸ್ತಕದ ಒಳಪುಟದಲ್ಲಿ ‘ಬಲ ಮುಂಗಾಲನ್ನು ಜೋಡಿಸಲಾಗಿದೆ’ ಎಂದು ಅವರು ಅಚ್ಚು ಹಾಕಿಸಿದಾಗ ನನಗೆ ರೇಗಿತು. ಯಾರಿಗೂ ತಿಳಿಯದ್ದನ್ನು ಊರಿಗೆಲ್ಲ ಯಾಕೆ ಸಾರಬೇಕು?

ಉತ್ತರ ಸಿಕ್ಕಿದ್ದು ಮರುವರ್ಷ. ಕಾಪುವಿನ ಒಂದು ಮದುವೆಯಲ್ಲಿ ಕ್ಯಾಮೆರಾ ಕೆಟ್ಟು ಧಾರೆಯ ರೋಲು ಪೂರ್ತಿ ಹಾಳಾಯಿತು. ಗೊತ್ತಾದ ದಿನವೇ ಹುಡುಗಿಯ ತಂದೆಯ ಮನೆಗೆ ಹೋಗಿ ಹೇಳಿದೆ. ಅವರು ಮನಸಾರೆ ಬೈದರು. ಆದರೆ ಎರಡನೆಯ ಮಗಳ ಮದುವೆಗೂ ನನ್ನನ್ನೇ ಕರೆದರು.