ಸಿಮೆಂಟ್ ಕೈಯೊಳಗಿನ ನೀಲಿ ಎಳೆ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಮಾಟ, ಮಂತ್ರ ಯಾವುದನ್ನೂ ನಾನು ನಂಬಿದವನಲ್ಲ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತುವುದು ಬಿಟ್ಟು ಸಹಿ ಹಾಕಿದ ಮೊದಲನೆಯವನು ನಾನು. ಬಿ.ಎಸ್ಸಿ. ಪಾಸಾದದ್ದು ಸುಮ್ಮನೆ ಅಲ್ಲ. ತಿಪಟೂರಿನ ಉಚಿತ ಹಾಸ್ಟೆಲ್ಲಿನಲ್ಲಿ ಒಂದು ಹೊತ್ತು ಮುದ್ದೆ, ಒಂದು ಹೊತ್ತು ಬೈಗುಳ ತಿಂದುಕೊಂಡು, ಕಂಡವರ ಪುಸ್ತಕ ಇಸಕೊಂಡು ಓದಿದ್ದು. ಅಷ್ಟು ಕಷ್ಟದಲ್ಲಿ ಕಲಿತದ್ದನ್ನು ಯಾರೋ ಜಗಲಿ ಮೇಲೆ ಕೂತು ಹೇಳಿದ ಕತೆಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಯಾರೇ ವಿಚಿತ್ರ ಹೇಳಿದರೂ "ಏನೋ ಕಾರಣ ಇರುತ್ತೆ ಬಿಡಿ" ಅನ್ನುತ್ತಿದ್ದೆ. ಈಗಲೂ ಅನ್ನುತ್ತೇನೆ. ಒಂದೇ ಒಂದು ಸಂಗತಿಗೆ ಮಾತ್ರ ಹಾಗನ್ನಲು ಬಾಯಿ ಬರುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಹೊನ್ನವಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಅದೇ ಊರಿನಲ್ಲಿ ನನ್ನ ಸೋದರತ್ತೆ ನಂಜಮ್ಮನ ಮನೆ. ನಾನು ಹಾಸ್ಟೆಲ್ಲಿನಲ್ಲಿದ್ದಾಗ ಸಂತೆಯ ದಿನ ಕೊಬ್ಬರಿ ಚಟ್ನಿಪುಡಿ ಕಟ್ಟಿಕೊಂಡು ಬಂದು, ಗೇಟಿನಲ್ಲಿ ನಿಂತು ಇಡೀ ಬೀದಿಗೆ ಕೇಳುವ ಹಾಗೆ ನನ್ನ ಹೆಸರು ಕೂಗುತ್ತಿದ್ದವಳು ಅವಳೇ. ಬಾಯಿ ಜೋರು, ನಗು ಅದಕ್ಕಿಂತ ಜೋರು.

ಅಂಥ ಅತ್ತೆಗೆ ಎಡಗೈಯಲ್ಲಿ, ಮೊಣಕೈ ಕೆಳಗೆ, ಕಡಿತ ಶುರುವಾಯಿತು. ಕೆರೆದು ಕೆರೆದು ಹುಣ್ಣಾಯಿತು. ಹುಣ್ಣಿನೊಳಗಿಂದ ಎಳೆ ಬರುತ್ತದೆ ಅಂತ ಅವಳ ವಾದ. "ದಾರದಂಗೆ ಕಣ್ಲಾ ಮಗ. ಒಳಗಿಂದ ಬತ್ತದೆ. ನೀಲಿ ಇರ್ತದೆ." ನಾನೂ ನೋಡಿದೆ. ಏನೋ ಒಂದು ಚೂರು ಅಂಟಿಕೊಂಡಿತ್ತು. ತೆಂಗಿನ ಸೀಮೆಯಲ್ಲಿ ಗಾಯಕ್ಕೆ ನಾರು ಅಂಟುವುದು ದೊಡ್ಡ ಸಂಗತಿಯೇ? "ಕಾಯಿ ನಾರು ಅತ್ತೆ, ತೊಳಕೋ" ಅಂದೆ.

"ಹುಟ್ಟಿದಾಗಿಂದ ನಾರು ಕಾಣ್ದೋಳು ನಾನು! ನಿನ್ನ ಬಿಎಸ್ಸಿಗೆ ಇಷ್ಟೇ ತಿಳಿಯೋದಾ?" ಅಂದಳು.

ಅವಳಿಗೆ ಕಡಿತಕ್ಕಿಂತ ಹೆಚ್ಚು ಕಾಡಿದ್ದು ಮುಯ್ಯಾಳು ತಪ್ಪಿದ್ದು. ನಮ್ಮಲ್ಲಿ ಅಟ್ಟದ ಮೇಲೆ ವರ್ಷ ಒಣಗಿದ ಕಾಯಿ ಇಳಿಸಿ, ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುವ ಕಾಲಕ್ಕೆ ಹೆಂಗಸರು ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. ಇವತ್ತು ನಾನು ನಿನ್ನ ಮನೆಗೆ, ನಾಳೆ ನೀನು ನನ್ನ ಮನೆಗೆ. ಊರಿನ ಸುದ್ದಿಯೆಲ್ಲ ಹುಟ್ಟುವುದು, ಜಗಳಗಳೆಲ್ಲ ಮುಗಿಯುವುದು ಅಲ್ಲೇ. ಆ ವರ್ಷ ಅತ್ತೆಯನ್ನು ಯಾರೂ ಕರೆಯಲಿಲ್ಲ. ಕೈ ಹುಣ್ಣು ಕೊಬ್ಬರಿಗೆ ತಾಗುತ್ತದೆ ಅಂತ ಒಬ್ಬರು, ಅಂಟುಜಾಡ್ಯ ಅಂತ ಇನ್ನೊಬ್ಬರು, ತಲೆ ಕೆಟ್ಟಿದೆ ಅಂತ ಮತ್ತೊಬ್ಬರು. ಪಕ್ಕದ ಮನೆಯಿಂದ ಕರಟ ಒಡೆಯುವ ಸದ್ದು, ನಗು ಕೇಳಿಸುವಾಗ ಅತ್ತೆ ತನ್ನ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಅವಳು ಸುಮ್ಮನೆ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆದರೆ ಸೋಲುವ ಹೆಂಗಸಲ್ಲ. ತಿಪಟೂರಿನಲ್ಲಿ ಡಾಕ್ಟರ ಸಾಲಿನಲ್ಲಿ ಕಾಯುವಾಗ ತನ್ನಂಥವರೇ ಇಬ್ಬರನ್ನು ಹುಡುಕಿಕೊಂಡಳು. ಒಬ್ಬಳು ಹುಳಿಯಾರು ಕಡೆ ಹಟ್ಟಿಯ ಕರಿಯಮ್ಮ, ಕುರಿ ಮಂದೆ ಇದ್ದವರ ಮನೆಯವಳು. ಅವಳಿಗೂ ಎಡಗೈ. ಇನ್ನೊಬ್ಬಳು ತುರುವೇಕೆರೆಯ ರಾಜಮ್ಮ, ಮನೆಯಲ್ಲಿ ರವಿಕೆ ಹೊಲಿಯುವವಳು. ಅವಳಿಗೆ ಕತ್ತಿನ ಹಿಂದೆ. ಮೂವರದೂ ಅದೇ ಮಾತು, ನೀಲಿ ಎಳೆ. ನನ್ನ ಹತ್ತಿರ ಮೂವರಿಗೂ ಕಾರಣ ಸಿದ್ಧವಾಗಿತ್ತು. ಅತ್ತೆಯದು ನಾರು, ಕರಿಯಮ್ಮನದು ಉಣ್ಣೆ, ರಾಜಮ್ಮನದು ಹೊಲಿಗೆ ದಾರ. "ಇವನ ಹತ್ರ ಎಲ್ಲಾದಕ್ಕೂ ಒಂದೊಂದು ದಾರ ಐತೆ ಕಣ್ರೇ" ಅಂತ ಅತ್ತೆ ನನ್ನನ್ನು ಅವರಿಗೆ ಪರಿಚಯ ಮಾಡಿಕೊಟ್ಟಳು.

ಅಷ್ಟರಲ್ಲಿ ಕುಷ್ಠರೋಗದ ತಪಾಸಣೆಗೆ ಅಂತ ಜೀಪಿನಲ್ಲಿ ಒಬ್ಬ ಚರ್ಮದ ಡಾಕ್ಟರು ಬಂದು ನಮ್ಮ ಸ್ಕೂಲಿನಲ್ಲೇ ಕ್ಯಾಂಪ್ ಹಾಕಿದರು. ಇನ್ನೂ ಸಣ್ಣ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಮನುಷ್ಯ. ಸುದ್ದಿ ಕೇಳಿದ ಕೂಡಲೇ ಅತ್ತೆ ಉಳಿದಿಬ್ಬರಿಗೂ ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಹೇಳಿಕಳಿಸಿ ಕರೆಸಿಕೊಂಡಳು. ಡಾಕ್ಟರು ಮೂವರನ್ನೂ ಬೆಳಕಿಗೆ ಹಿಡಿದು ನೋಡಿ, ಸೂಜಿ ಚುಚ್ಚಿ ನೋಡಿ, "ಕುಷ್ಠ ಅಲ್ಲ. ನಿಮಗೇನೂ ಕಾಯಿಲೆ ಇಲ್ಲಮ್ಮ" ಅಂದರು.

"ಏನೂ ಇಲ್ದೇ ಇದ್ದದ್ದು ಇಷ್ಟು ಕಡೀತದಾ ಸ್ವಾಮಿ?" ಅಂದಳು ಅತ್ತೆ.

"ಮುಲಾಮು ಬರ್ಕೊಡ್ತೀನಿ."

"ಮುಲಾಮು ಮನೇಲಿ ಸಾಲಾಗಿ ಜೋಡಿಸಿಟ್ಟಿವ್ನಿ. ಔಸ್ದಿ ಬ್ಯಾಡ. ಇದು ಏನು ಅಂತ ದೊಡ್ಡೋರ ಹತ್ರ ತಗಂಡೋಗಿ, ಪರೀಕ್ಷೆ ಮಾಡ್ಸಿ, ತಿಳ್ಕಂಡು ಬಂದು ಹೇಳಿ. ಅಷ್ಟೇ ನಮಗೆ ಬೇಕಾಗಿರೋದು."

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇಂಥವರು ತಾವೇ ಕೆರೆದು ಹುಣ್ಣು ಮಾಡಿಕೊಳ್ಳುತ್ತಾರೆ, ಬಟ್ಟೆಯ ದಾರ ಅದಕ್ಕೆ ಅಂಟುತ್ತದೆ, ಮನಸ್ಸಿನ ತೊಂದರೆ ಇದು ಅಂದರು. ಓದಿದವರಿಬ್ಬರೂ ತಲೆಯಾಡಿಸಿಕೊಂಡೆವು. ಅದನ್ನು ತೋರಿಸಿಕೊಡಲು ಅವರ ಹತ್ತಿರ ಉಪಾಯವೂ ಇತ್ತು. ಕೈಗೆ ಮೂಳೆ ಮುರಿದವರಿಗೆ ಹಾಕುವಂಥ ಪ್ಲಾಸ್ಟರ್ ಹಾಕುವುದು. ಮೂರು ವಾರ ಬಿಟ್ಟು ಬಿಚ್ಚುವುದು. ಹುಣ್ಣು ಮಾಯ್ದಿದ್ದು, ಒಳಗೆ ಏನೂ ಇಲ್ಲದಿದ್ದರೆ ಅತ್ತೆ ಸುಮ್ಮನೆ ಮನಸ್ಸಿನ ಡಾಕ್ಟರ ಹತ್ತಿರ ಹೋಗಬೇಕು. ಎಳೆ ಸಿಕ್ಕಿದರೆ ಅವರೇ ಅದನ್ನು ಬೆಂಗಳೂರಿಗೆ ಒಯ್ದು ಸಂಶೋಧನೆ ಮಾಡಿಸಬೇಕು. ಅತ್ತೆ ಪಟ್ಟನೆ ಕೈ ಚಾಚಿದಳು.

ಹುಣ್ಣನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಬಿಳಿ ಹತ್ತಿ, ಬಿಳಿ ಬ್ಯಾಂಡೇಜು ಸುತ್ತಿ, ಮೇಲೆ ಪ್ಲಾಸ್ಟರ್ ಹಾಕಿದರು. ಹಾಕುವಾಗ ಭೂತಗನ್ನಡಿ ಹಿಡಿದು ನೋಡುತ್ತಾ ನಿಂತಿದ್ದವನು ನಾನು. ಒಂದು ಎಳೆಯೂ ಇರಲಿಲ್ಲ. ಒಣಗಿದ ಮೇಲೆ, ಯಾರೂ ಬಿಚ್ಚಿ ಮತ್ತೆ ಹಾಕದಿರಲಿ ಅಂತ, ಅಂಚಿನ ಮೇಲೆ ನನ್ನ ಸಹಿ ಮಾಡಿಸಿದರು. ಸಹಿಯ ಪಕ್ಕ ಬಿ.ಎಸ್ಸಿ. ಅಂತಲೂ ಬರೆದೆ. ಜಾಗವಿತ್ತು.

ಆ ಮೂರು ವಾರ ಅತ್ತೆ ಮೆರೆದಳು. ಊರು 'ಸಿಮೆಂಟ್ ಕೈ ನಂಜಮ್ಮ' ಅಂತ ಹೆಸರಿಟ್ಟಿತು. ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಟ್ಟವನೊಬ್ಬ "ಮೂಳೆ ಮುರೀತಾ ಅಮ್ಮಾ?" ಅಂದರೆ, "ಇಲ್ಲ ಕಣಪ್ಪ, ಒಳಗೆ ಏನು ಬೆಳೀತದೆ ನೋಡಕ್ಕೆ ಮುಚ್ಚವ್ರೆ" ಅಂದಳು.

"ಏನು ಬಿತ್ತವ್ರೆ?"

"ಡಾಕ್ಟ್ರ ಅನುಮಾನ."

ಬಿಚ್ಚುವ ದಿನ ಭಾನುವಾರ, ಸ್ಕೂಲಿಗೆ ರಜೆ. ಬೆಳಿಗ್ಗೆ ಹತ್ತರ ಬಿಸಿಲು, ಎಲ್ಲ ಸ್ಪಷ್ಟವಾಗಿ ಕಾಣುವ ಹೊತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಇಂಥ ಕತೆಗಳೆಲ್ಲ ಕತ್ತಲೆಯಲ್ಲೇ ನಡೆಯುವುದು. ತರಗತಿಯೊಳಗೆ ಕಪ್ಪು ಹಲಗೆಯನ್ನು ಅಡ್ಡ ನಿಲ್ಲಿಸಿ ಅದರ ಹಿಂದೆ ಡಾಕ್ಟರು, ಅತ್ತೆ. ಹೊರಗೆ ಜಗಲಿಯ ತುದಿಯಲ್ಲಿ, ಗಂಟೆ ಕಟ್ಟಿದ್ದ ಕಂಬದ ಹತ್ತಿರ ಕರಿಯಮ್ಮ, ರಾಜಮ್ಮ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಅವರಿಗೆ ಒಳಗಿನದು ಕಾಣುವಂತಿರಲಿಲ್ಲ.

ನನ್ನ ಸಹಿ ಹಾಗೇ ಇತ್ತು. ಡಾಕ್ಟರು ಗರಗಸದಲ್ಲಿ ಕೊಯ್ದು ಪ್ಲಾಸ್ಟರನ್ನು ಎರಡು ಹೋಳು ಮಾಡಿ ತೆಗೆದರು. ಹತ್ತಿ ಎತ್ತಿದರು. ಹುಣ್ಣು ಪೂರಾ ಮಾಯ್ದಿತ್ತು. ಡಾಕ್ಟರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. "ನೋಡಿದ್ರಾ ಮೇಷ್ಟ್ರೇ, ನಾನು ಹೇಳಲಿಲ್ವಾ?" ನನಗೆ ಗೆದ್ದ ಹಾಗೂ ಆಯಿತು, ಅತ್ತೆಯ ಮುಖ ನೋಡಿ ಪಾಪ ಅಂತಲೂ ಅನ್ನಿಸಿತು. ಅಷ್ಟರಲ್ಲಿ ಡಾಕ್ಟರು "ಇದೇನಿದು?" ಅಂತ ಬಗ್ಗಿದರು.

ಮಾಯ್ದ ಚರ್ಮದ ನಡುವಿನಿಂದ ಒಂದು ಎಳೆ ಹೊರಗೆ ಬಂದಿತ್ತು. ಕಿರುಬೆರಳಿನಷ್ಟು ಉದ್ದ. ನಮ್ಮ ಪ್ರಯೋಗಶಾಲೆಯ ಮೈಲುತುತ್ತದ ನೀಲಿ. ಚರ್ಮದ ಮೇಲೆ ಅಂಟಿರಲಿಲ್ಲ, ಹುಟ್ಟಿದ ಕೂದಲಿನ ಹಾಗೆ ಒಳಗಿಂದ ಬಂದಿತ್ತು. ಡಾಕ್ಟರ ಮುಖದಲ್ಲಿದ್ದ ನಗು ಹೋಯಿತು. ಚಿಮಟ ತೆಗೆದುಕೊಂಡು, "ಮೇಷ್ಟ್ರೇ, ಬಾಗಿಲಲ್ಲಿ ನಿಂತ್ಕೊಳ್ಳಿ, ಅವರಿಬ್ಬರೂ ಒಳಗೆ ಬರೋದು ಬೇಡ" ಅಂದರು. ನಾನು ಹೋಗಿ ಬಾಗಿಲಲ್ಲಿ ಹೊರಗೆ ಮುಖ ಮಾಡಿ ನಿಂತೆ.

ಡಾಕ್ಟರು ಎಳೆ ಜಗ್ಗಿದರು. ಒಳಗೂ ನಗು, ಹೊರಗೂ ನಗು. ಹಲಗೆಯ ಹಿಂದೆ ಅತ್ತೆ "ಅಯ್ಯೋ ಬುಡಿ ಸ್ವಾಮಿ, ಕಚಗುಳಿ ಆಯ್ತದೆ" ಅಂತ ನಗುತ್ತಿದ್ದಾಳೆ. ಜಗಲಿಯ ತುದಿಯಲ್ಲಿ ಕರಿಯಮ್ಮ ತನ್ನ ಎಡಗೈ ಹಿಡಿದುಕೊಂಡು, ಬಾಯಲ್ಲಿದ್ದ ಎಲೆಅಡಿಕೆ ಚೆಲ್ಲುವ ಹಾಗೆ ನಗುತ್ತಾ, "ಯಾರಲಾ ಅದು ನಂಗೆ ಕಚಗುಳಿ ಇಡೋರು!" ಅಂತ ಸುತ್ತ ನೋಡುತ್ತಿದ್ದಾಳೆ. ನಾನು ತಿರುಗಿದೆ, ಡಾಕ್ಟರು ಹಲಗೆಯ ಹಿಂದಿನಿಂದ ತಲೆ ಹೊರಗೆ ಹಾಕಿ ನನ್ನ ಮುಖ ನೋಡಿದರು. ನಾನು ಮತ್ತೆ ಹೊರಗೆ ಮುಖ ಮಾಡಿದೆ, ಅವರು ಹಿಂದೆ ಹೋಗಿ ಇನ್ನೊಮ್ಮೆ ಜಗ್ಗಿದರು. ಮತ್ತೆ ಅದೇ. ಇಬ್ಬರ ನಗುವೂ ಇಳಿದ ಮೇಲೆ ಮತ್ತೊಮ್ಮೆ ಜಗ್ಗಿದರು. ಕರಿಯಮ್ಮ ಎದ್ದೇ ನಿಂತಳು. ಆಗ ಎಳೆ ತುಂಡಾಯಿತು. ಇಬ್ಬರ ನಗುವೂ ನಿಂತಿತು.

ರಾಜಮ್ಮ ಮಾತ್ರ ಮುಖ ಊದಿಸಿಕೊಂಡು, "ತುರುವೇಕೆರೆಯಿಂದ ನಾನೂ ಬಂದಿವ್ನಿ. ನಂಗ್ಯಾಕೆ ಏನೂ ಆಗ್ಲಿಲ್ಲ?" ಅಂತ ಡಾಕ್ಟರನ್ನೇ ದಬಾಯಿಸಿದಳು.

ಡಾಕ್ಟರು ಎಳೆಯನ್ನು ಸಣ್ಣ ಸೀಸೆಗೆ ಹಾಕಿ ಬೆಂಗಳೂರಿಗೆ ಒಯ್ದರು. ಹೋಗುವ ಮುಂಚೆ ಊರವರ ಎದುರಿಗೆ ಒಂದು ಮಾತು ಹೇಳಿದರು: "ಇದು ಏನು ಅಂತ ನನಗೆ ಗೊತ್ತಿಲ್ಲ. ಆದರೆ ಈಯಮ್ಮ ಸುಳ್ಳು ಹೇಳ್ತಿಲ್ಲ. ಮನೆಯಲ್ಲಿ ಒಟ್ಟಿಗಿರೋ ಯಾರಿಗೂ ಬಂದಿಲ್ಲ, ಮುಟ್ಟೋಕೆ ಹೆದರಬೇಡಿ." ಅತ್ತೆಗೆ ಬೇಕಾಗಿದ್ದದ್ದು ಅಷ್ಟೇ. ಆದರೂ ಊರಿನ ಹೆಂಗಸರು ತಕ್ಷಣ ಕರೆಯಲಿಲ್ಲ. ಅತ್ತೆಯೂ ಕಾಯಲಿಲ್ಲ. ಕರಿಯಮ್ಮ, ರಾಜಮ್ಮನನ್ನು ಕರೆಸಿಕೊಂಡು ತನ್ನ ಅಟ್ಟದ ಕಾಯಿ ಇಳಿಸಿ ಕೂತಳು. ಕುರಿಯವಳಿಗೂ ಹೊಲಿಗೆಯವಳಿಗೂ ಕರಟ ಒಡೆಯಲು ಬರದು. ಒಡೆದ ಕೊಬ್ಬರಿಯಲ್ಲಿ ಅರ್ಧ ಚೂರೇ ಆಯಿತು. ಪಕ್ಕದ ಮನೆಯವಳು ಬೇಲಿಯಿಂದ ನೋಡಿ ನೋಡಿ ತಡೆಯಲಾರದೆ, "ಅಯ್ಯೋ ಹಾಳ್ಮಾಡ್ತೀರಲ್ಲೇ, ಸರೀರೇ ಆ ಕಡೆ" ಅಂತ ಮಚ್ಚು ತಂದು ಕೂತಳು. ಅವಳ ಹಿಂದೆ ಇನ್ನಿಬ್ಬರು.

ಡಾಕ್ಟರು ತಿರುಗಿ ಬಂದದ್ದು ಮಾರನೆಯ ವರ್ಷ, ಮತ್ತೆ ಕೊಬ್ಬರಿ ಬಿಡಿಸುವ ಕಾಲದಲ್ಲಿ. ಜೀಪಿರಲಿಲ್ಲ, ಬಸ್ಸಿಳಿದು ನಡೆದು ಬಂದರು. ಸೊರಗಿದ್ದರು. ಅತ್ತೆಯ ಮನೆ ತುಂಬಾ ಹೆಂಗಸರು, ಕರಿಯಮ್ಮನೂ ಇದ್ದಳು. ನಾನೂ ಇದ್ದೆ. ಜಗಲಿಯಲ್ಲಿ ಕೂತು ಅವರು ಹೇಳಿದ್ದು ಇಷ್ಟು: ಎಳೆ ಹತ್ತಿಯಲ್ಲ, ರೇಷ್ಮೆಯಲ್ಲ, ಉಣ್ಣೆಯಲ್ಲ, ಕೂದಲಲ್ಲ, ನಾರೂ ಅಲ್ಲ. ಏನು ಅಂತ ಹೇಳಲು ಆಗಿಲ್ಲ. ಆದರೆ ದೊಡ್ಡ ಡಾಕ್ಟರುಗಳು, ಹಳ್ಳಿ ಹೆಂಗಸರು ನಿನಗೆ ಟೋಪಿ ಹಾಕಿದ್ದಾರೆ, ನಿನಗೆ ಕೆಲಸ ಜಾಸ್ತಿಯಾಗಿದೆ, ರಜೆ ತಗೋ, ವಿಶ್ರಾಂತಿ ತಗೋ ಅಂದರಂತೆ.

ಅತ್ತೆ ಮಚ್ಚು ಕೆಳಗಿಟ್ಟಳು. "ನಿಮಗೂ ಹಂಗೇ ಅಂದ್ರಾ?" ಅಂತ ನಿಜವಾದ ಮರುಕದಿಂದ ಕೇಳಿ, "ಮುಲಾಮು ಏನಾರಾ ಕೊಟ್ರಾ ಸ್ವಾಮಿ?" ಅಂದಳು. ಇಡೀ ಜಗಲಿ ಬಿದ್ದು ಬಿದ್ದು ನಕ್ಕಿತು. ಡಾಕ್ಟರೂ ನಕ್ಕರು. ಅವರ ಕೈಗೆ ಕೊಬ್ಬರಿ ಬೆಲ್ಲ ಕೊಟ್ಟು, "ಕೂತ್ಕಳಿ, ನಮ್ ಗುಂಪಿಗೆ ಸೇರ್ಕಂಡ್ರಿ" ಅಂದಳು.

ನಗು ಇಳಿದ ಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. ಅವರು ಬಂದಿದ್ದೇ ನನ್ನನ್ನು ಒಂದು ಮಾತು ಕೇಳಲು. "ಅವರೆಲ್ಲ ಹೇಳೋದು, ಒಬ್ಬಳ ನಗು ಕೇಳಿ ಇನ್ನೊಬ್ಬಳು ನಕ್ಕಳು, ಅಷ್ಟೇ ಅಂತ. ನಾನು ಹಲಗೆ ಹಿಂದೆ ಇದ್ದೆ, ನನಗೆ ಗೊತ್ತಾಗೋ ಹಾಗಿರಲಿಲ್ಲ. ಹೊರಗಿನವಳನ್ನು ನೋಡ್ತಾ ನಿಂತಿದ್ದವರು ನೀವು. ಯಾರು ಮೊದಲು ನಕ್ಕರು, ಮೇಷ್ಟ್ರೇ?"

ಯಾವ ಉತ್ತರ ಕೊಟ್ಟರೆ ಆ ಮನುಷ್ಯ ಅವತ್ತಿನಿಂದ ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ ಅನ್ನುವುದು ನನಗೆ ತಿಳಿಯದ್ದೇನಲ್ಲ. ಆದರೆ ಕಂಡದ್ದನ್ನು ಕಂಡ ಹಾಗೆ ಹೇಳುವುದು ಬಿಟ್ಟರೆ ನನಗೆ ಬೇರೆ ವಿಜ್ಞಾನ ಗೊತ್ತಿಲ್ಲ. "ಕರಿಯಮ್ಮ" ಅಂದೆ. ಡಾಕ್ಟರು ಚೀಲದಿಂದ ಒಂದು ಖಾಲಿ ಸೀಸೆ ತೆಗೆದರು. "ಹಾಗಾದ್ರೆ ಇದನ್ನು ಬಿಡೋ ಹಾಗಿಲ್ಲ" ಅಂದು, ಕರಿಯಮ್ಮನ ಕೈಯಿಂದ ಒಂದು ಎಳೆ ತೆಗೆದು ಸೀಸೆಗೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಹೋದರು. ಆಮೇಲೆ ಅವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು ಅಂತ ಕೇಳಿದೆ. ಏನು ತಿಳಿಯಿತೋ, ತಿಳಿಯಲಿಲ್ಲವೋ ಗೊತ್ತಾಗಲಿಲ್ಲ.

ಅತ್ತೆಗೆ ಕಡಿತ ಮತ್ತೆ ಬರಲಿಲ್ಲ. ಕರಿಯಮ್ಮನಿಗೆ ಆಗಾಗ ಬರುತ್ತಿತ್ತು. ನಾನು ನಿವೃತ್ತನಾಗುವವರೆಗೂ ಮಕ್ಕಳಿಗೆ ಶಬ್ದದ ಪಾಠ ಮಾಡಿದ್ದೇನೆ. ಅತ್ತೆ ಮೊದಲು ನಕ್ಕಿದ್ದರೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ವಿವರಿಸಿಬಿಡಬಹುದಿತ್ತು. ಆದರೆ ಮೂರು ಸಲವೂ, ಆ ಬಿಸಿಲಿನಲ್ಲಿ, ಕರಿಯಮ್ಮ ಕೈ ಹಿಡಿದುಕೊಂಡು ಬಾಯಿ ಬಿಟ್ಟು ನಗುವುದನ್ನು ನಾನು ನೋಡುತ್ತಿದ್ದೆ. ಅತ್ತೆಯ ನಗು ನನ್ನ ಬೆನ್ನ ಹಿಂದಿನಿಂದ ಆಮೇಲೆ ಬಂತು.