ಔಟ್‌ಬಾಕ್ಸಿನಲ್ಲಿ ಉಳಿದ ತೊಟ್ಟಿಲು

ತಾಳ್ಮೆಯೇ ಮನುಷ್ಯನ ನಿಜವಾದ ಆಸ್ತಿ. ತಾಳಿದವನು ಬಾಳಿಯಾನು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಆ ಹಿರಿಯರಲ್ಲಿ ಯಾರೂ ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಇಮೇಲ್ ತೆರೆಯಲು ಕೂತವರಲ್ಲ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಒಂದು ಕಡತ ಈ ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಎಷ್ಟು ಕಾಲ ಹಿಡಿಯಬಹುದು ಎಂಬ ಬಗ್ಗೆ ನನಗೆ ಯಾವ ಭ್ರಮೆಯೂ ಇಲ್ಲ. ಹಾಗಾಗಿ ಚನ್ನಗಿರಿಯ ನಮ್ಮ ಮನೆಯಲ್ಲಿ ಇಮೇಲ್ ತೆರೆದುಕೊಳ್ಳಲು ಮೊದಮೊದಲು ಹತ್ತು ನಿಮಿಷ, ಬರಬರುತ್ತಾ ಅರ್ಧ ಗಂಟೆ ಹಿಡಿಯತೊಡಗಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಯಂತ್ರವೂ ಇಲಾಖೆಯ ಪದ್ಧತಿ ಕಲಿಯುತ್ತಿದೆ ಎಂದು ಅದರ ಮೇಲೆ ಒಂದು ಬಗೆಯ ಗೌರವವೇ ಮೂಡಿತು. ಬೆಳಿಗ್ಗೆ ಗುಂಡಿ ಒತ್ತಿ ಸ್ನಾನಕ್ಕೆ ಹೋಗುತ್ತಿದ್ದೆ. ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಉಪ್ಪಿಟ್ಟು ತಿಂದು ಬರುವಷ್ಟರಲ್ಲಿ ಪರದೆಯ ಮೇಲೆ ಮೊದಲ ಪತ್ರದ ತಲೆ ಕಾಣಿಸುತ್ತಿತ್ತು. ಯಾವುದೋ ಬ್ಯಾಂಕಿನವರು ನನಗೆ ಸಾಲ ಕೊಡಲು ಹಾತೊರೆಯುತ್ತಿರುವ ಸಂಗತಿ ಅದರಲ್ಲಿರುತ್ತಿತ್ತು.

ಈ ಸಹಬಾಳ್ವೆ ಮುರಿದುಬಿದ್ದದ್ದು ಕಳೆದ ವರ್ಷದ ಒಂದು ಶುಕ್ರವಾರ ಮಧ್ಯಾಹ್ನ, ನನ್ನ ತಂಗಿಯ ಮಗಳ ಫೋನಿನಿಂದ.

ಅವಳು ಹೊನ್ನಾಳಿಯವಳು. ಜಗಳೂರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ಬಸ್ಸು ಬದಲಿಸುತ್ತಾ ದಿನಾ ಓಡಾಡಲಾಗದೆ ಅಲ್ಲೇ ಒಂದು ಕೋಣೆ ಹಿಡಿದಿದ್ದಳು. ಗಂಡನದು ಊರೂರು ತಿರುಗುವ ವ್ಯಾಪಾರ. ಮೂರು ವರ್ಷದ ಮಗಳು ಹೊನ್ನಾಳಿಯಲ್ಲಿ ಅಜ್ಜಿಯ ಹತ್ತಿರ, ಅಂದರೆ ನನ್ನ ತಂಗಿಯ ಹತ್ತಿರ ಬೆಳೆಯುತ್ತಿತ್ತು. ತಾಯಿ ಬರುತ್ತಿದ್ದದ್ದು ಭಾನುವಾರ ಮಾತ್ರ. ಆ ಮಗುವಿನ ಲೆಕ್ಕದಲ್ಲಿ ವಾರಕ್ಕೆ ಎರಡೇ ದಿನ: ಅಮ್ಮ ಬರೋ ದಿನ, ಅಮ್ಮ ಬರದ ದಿನ. ಹೊನ್ನಾಳಿಗೆ ಹತ್ತಿರದ ನ್ಯಾಮತಿಯ ಕಾಲೇಜೊಂದರಲ್ಲಿ ಅದೇ ಕೆಲಸ ಖಾಲಿ ಇದೆ ಎಂದು ತಿಳಿದಾಗ ಅರ್ಜಿ ಬರೆದವನು ನಾನೇ. ನಮ್ಮ ವಂಶದಲ್ಲಿ ಅರ್ಜಿ ಬರೆಯುವ ಹಕ್ಕು ನನ್ನದು. ಅದನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ. ನನ್ನ ಲ್ಯಾಪ್‌ಟಾಪಿನಲ್ಲೇ ಟೈಪು ಮಾಡಿ, ನನ್ನ ಇಮೇಲಿನಿಂದಲೇ ಕಳಿಸಿ, ಯಂತ್ರವನ್ನು ಹಚ್ಚಿಟ್ಟು ಮಲಗಿದ್ದೆ. ಬೆಳಗಾಗುವಷ್ಟರಲ್ಲಿ ಅರ್ಜಿ ಹೇಗೋ ಹೋಗಿತ್ತು.

"ಮಾವ, ನ್ಯಾಮತಿಯಿಂದ ಫೋನ್ ಬಂದಿತ್ತು. ಕೆಲ್ಸ ನಂಗೇ ಆಗೈತಂತೆ!"

"ಶಹಬ್ಬಾಸ್! ಅರ್ಜಿ ಯಾರು ಬರೆದಿದ್ದು?"

"ಅದಿರ್ಲಿ ಮಾವ. ಆರ್ಡರು ನಿಮ್ಮ ಮೇಲ್‌ಗೆ ಮೊನ್ನೆನೇ ಕಳ್ಸಿದಾರಂತೆ. ಇವತ್ತು ಐದು ಗಂಟೆ ಒಳಗೆ ಒಪ್ಪಿಗೆ ಅಂತ ಅದೇ ಮೇಲ್‌ನಿಂದ ಉತ್ರ ಬರ್ಬೇಕಂತೆ. ಇಲ್ಲಾಂದ್ರೆ ಎರಡನೇ ನಂಬರಿನವ್ರಿಗೆ ಕೊಡ್ತಾರಂತೆ. ನೀವು ನೋಡೇ ಇಲ್ವಾ?"

ಆ ವಾರ ಯಂತ್ರ ಹೊಸ ಪತ್ರವೊಂದನ್ನೂ ಇಳಿಸಿರಲಿಲ್ಲ. ಗಡಿಯಾರ ಎರಡು ದಾಟಿತ್ತು. ಯಂತ್ರ ತೆರೆದೆ. ಪರದೆಯ ನಡುವೆ ನೀಲಿ ಉಂಗುರವೊಂದು ತಿರುಗತೊಡಗಿತು. ಅದಕ್ಕೆ ಐದು ಗಂಟೆಯ ಗಡುವಿನ ವಿಚಾರ ಯಾರೂ ತಿಳಿಸಿರಲಿಲ್ಲ.

ಲ್ಯಾಪ್‌ಟಾಪನ್ನು ಸಂತೆಯ ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಓಡಿದೆ. ಅಂಗಡಿಯವನು ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು, ಆಮೇಲೆ ಟೀವಿ, ಈಗ ಇದು. ಯಾವ ಯಂತ್ರ ಕೊಟ್ಟರೂ ಮೊದಲು ಕಿವಿಗೊಟ್ಟು ಕೇಳುತ್ತಾನೆ, ನಂತರ ಊದುತ್ತಾನೆ. ಎರಡನ್ನೂ ಮಾಡಿದ.

"ಫಾರ್ಮ್ಯಾಟ್ ಹೊಡ್ದುಬಿಡಾನ ಸಾರ್. ಹೊಸ ಮದಲಿಂಗನಂಗೆ ಆಗ್ತೈತೆ."

"ಒಳಗಿರೋದು?"

"ಎಲ್ಲಾ ಹೋಗ್ತೈತೆ. ಹೋದ್ರೆ ತಾನೇ ಹೊಸದಾಗೋದು? ಮೇಲ್ ಬೇಕಂದ್ರೆ ಆಮೇಲೆ ಪಾಸ್‌ವರ್ಡ್ ಹಾಕಿ ತೊಗೊಳ್ರಿ. ಪಾಸ್‌ವರ್ಡ್ ಐತಲ್ಲ?"

ಗುಟ್ಟನ್ನು ಎಲ್ಲಿಯೂ ಬರೆದಿಡಬಾರದೆಂದು ಇಲಾಖೆ ನನಗೆ ಕಲಿಸಿತ್ತು; ಬರೆದಿಟ್ಟಿರಲಿಲ್ಲ. ನೆನಪಿಟ್ಟುಕೊಳ್ಳಬೇಕೆಂದು ಅದು ಕಲಿಸಿರಲಿಲ್ಲ. ಪಾಸ್‌ವರ್ಡ್ ಗೊತ್ತಿದ್ದದ್ದು ಜಗತ್ತಿನಲ್ಲಿ ಆ ಲ್ಯಾಪ್‌ಟಾಪಿಗೆ ಮಾತ್ರ, ಮತ್ತು ಈ ಮನುಷ್ಯ ಅದರ ತಲೆಯನ್ನೇ ತೊಳೆಯಲು ಹೊರಟಿದ್ದ. ಅವನ ಕೈಯಿಂದ ಅದನ್ನು ಕಿತ್ತುಕೊಂಡು ಮನೆಗೆ ಬಂದೆ.

ಮತ್ತೆ ಫೋನು. ಸೊಸೆ, ಅಂದರೆ ತಂಗಿಯ ಮಗಳು, ಜಗಳೂರಿನ ಗ್ರಂಥಾಲಯದ ಕಪಾಟುಗಳ ಹಿಂದೆ ನಿಂತು ಪಿಸುಮಾತಿನಲ್ಲಿ ಆಜ್ಞೆ ಕೊಡತೊಡಗಿದಳು. "ಸ್ಪೀಕರ್ ಹಾಕ್ರಿ ಮಾವ. ಬೇಡದ ಮೇಲ್‌ಗಳ್ನೆಲ್ಲ ಮೊದ್ಲು ತೆಗೆದು ಹಾಕ್ರಿ. ಮೇಲುಗಡೆ ಒಂದು ಡಬ್ಬದ ಚಿತ್ರ ಐತಲ್ಲ, ಅದನ್ನ ಒತ್ತಿದ್ರೆ ಆಯ್ತು."

ಅಷ್ಟರಲ್ಲಿ ನನ್ನ ಹೆಂಡತಿ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಬಂದಳು. ಪರದೆಯ ಮೇಲೆ ಯಾರದೋ ಮದುವೆಯ ಆಮಂತ್ರಣವಿತ್ತು. ಮೇಲ್ಗಡೆ ಗಣೇಶ, ಅದರ ಕೆಳಗೆ ಸ್ವಾಮಿಗಳ ಫೋಟೋ. ನನ್ನ ಬೆರಳು ಡಬ್ಬದ ಮೇಲಿತ್ತು.

"ಏನ್ ಮಾಡ್ತಿದೀರಿ? ದೇವ್ರನ್ನ ಕಸದ ಡಬ್ಬಕ್ಕೆ ಹಾಕ್ತೀರಾ?"

"ಇದು ನಿಜವಾದ ಡಬ್ಬ ಅಲ್ಲ ಕಣೇ."

"ಅದು ನಿಜವಾದ ದೇವ್ರಲ್ವಾ ಹಂಗಾದ್ರೆ?"

ನಮ್ಮ ಮನೆಯಲ್ಲಿ ಲಗ್ನಪತ್ರಿಕೆಯನ್ನು ಯಾರೂ ಎಸೆಯುವುದಿಲ್ಲ. ಅವೆಲ್ಲ ಒಂದು ಬಟ್ಟೆಯ ಚೀಲ ಸೇರಿ, ಚೀಲ ತುಂಬಿದ ಮೇಲೆ ಅರಳಿಕಟ್ಟೆಗೆ ಹೋಗುತ್ತವೆ. ಲ್ಯಾಪ್‌ಟಾಪಿನೊಳಗೆ ಅರಳಿಕಟ್ಟೆ ಇರಲಿಲ್ಲ. ತಯಾರಿಸಿದವರಿಗೆ ಅದು ಹೊಳೆದಿಲ್ಲವೆಂದು ಕಾಣುತ್ತದೆ. ಕೊನೆಗೆ ಒಂದು ಒಪ್ಪಂದವಾಯಿತು: ದೇವರಿಲ್ಲದ ಮೇಲ್‌ಗಳನ್ನು ಮಾತ್ರ ತೆಗೆಯುವುದು. ಅವಳು ಪಕ್ಕದಲ್ಲಿ ಕೂತು ಒಂದೊಂದನ್ನೂ ನೋಡಿ ತೀರ್ಪು ಕೊಟ್ಟಳು. "ವಿಮೆ, ಹಾಕ್ರಿ. ಸಾಲ, ಹಾಕ್ರಿ. ಇದರಾಗೆ ನಂದಿ ಐತೆ, ಬಿಡ್ರಿ." ಬ್ಯಾಂಕುಗಳು ಹೋದವು, ವಿಮೆಗಳು ಹೋದವು. ಉಂಗುರ ಮಾತ್ರ ಮೊದಲಿನಂತೆ ತಿರುಗುತ್ತಿತ್ತು. ಗಂಟೆ ಮೂರೂವರೆ.

ಫೋನಿನಲ್ಲಿ ಸೊಸೆ ಒಂದು ಕ್ಷಣ ಯೋಚಿಸಿದಳು. "ಮಾವ, ತೀರಾ ಕೆಳಗೆ ಸಣ್ಣ ಅಕ್ಷರದಾಗೆ ಏನಾದ್ರೂ ಬರ್ದೈತಾ?"

"'ಸೆಂಡಿಂಗ್' ಅಂತ ಐತೆ. ಅದು ಯಾವಾಗ್ಲೂ ಇರ್ತೈತಲ್ಲ."

"ಯಾವಾಗ್ಲೂ ಅಂದ್ರೆ?"

"ಎರಡು ಮೂರು ವರ್ಷದಿಂದ. ಅದು ಆ ಪ್ರೋಗ್ರಾಮಿನ ಹೆಸರು ಅಂದ್ಕೊಂಡಿದ್ದೆ."

ಜಗಳೂರಿನಿಂದ ಒಂದು ದೀರ್ಘವಾದ ಉಸಿರು ಕೇಳಿಸಿತು. "ಎಡಗಡೆ ಔಟ್‌ಬಾಕ್ಸ್ ಅಂತ ಐತೆ ನೋಡ್ರಿ. ಒತ್ರಿ. ಏನೈತೆ ಅದರಾಗೆ?"

ಒತ್ತಿದೆ. ಯಂತ್ರ ಬಹಳ ಹೊತ್ತು ಹಿಂದೆಮುಂದೆ ನೋಡಿ ಕೊನೆಗೆ ಬಾಯಿ ಬಿಟ್ಟಿತು. ಅದರಲ್ಲಿ ಒಂದೇ ಒಂದು ಮೇಲ್ ಇತ್ತು. ಅದರ ವಿಷಯ, ನಾನೇ ಟೈಪು ಮಾಡಿದ್ದು: 'ತೊಟ್ಟಿಲು ಕಾರ್ಯಕ್ರಮದ ಸಂಪೂರ್ಣ ವಿಡಿಯೋ.'

ಇಲ್ಲಿ ಓದುಗರಿಗೆ ಒಂದು ವಿಚಾರ ತಿಳಿಸಬೇಕು. ಇದೇ ಸೊಸೆಯ ಮಗುವಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕಿದ ದಿನ ಹೊನ್ನಾಳಿಯ ತಂಗಿಯ ಮನೆಯಲ್ಲಿ ವಿಡಿಯೋ ತೆಗೆದವನು ನಾನು. ನನ್ನ ಹೆಂಡತಿ ಅಂದು ಜೋಗುಳ ಹಾಡಿದ್ದಳು. ಬರಲಾಗದ ಬಂಧುಗಳೂ ನೋಡಲೆಂದು ಆ ವಿಡಿಯೋವನ್ನು, ತೆರೆದು ನೋಡುವ ಗೋಜಿಗೆ ಹೋಗದೆ, ಇಡಿಯಾಗಿ ಎಲ್ಲರಿಗೂ ಮೇಲ್ ಮಾಡಿದ್ದೆ. ಆಮೇಲೆ ಸಿಕ್ಕವರನ್ನೆಲ್ಲ ಕೇಳಿದ್ದೆ: "ನೋಡಿದ್ರಾ?" ಎಲ್ಲರೂ ನೋಡಿದ್ದರು. ಜಗಳೂರಿನ ನನ್ನ ಷಡ್ಡಕ, "ಕ್ಯಾಮೆರಾ ಹಿಡಿದ ಕೈ ಒಂದಿಷ್ಟೂ ನಡುಗಿಲ್ಲ ಬಿಡ್ರಿ" ಎಂದಿದ್ದ. ನ್ಯಾಮತಿಯ ದೊಡ್ಡಪ್ಪನ ಮಗ ತೊಟ್ಟಿಲಿನ ಹೂವಿನ ಬಣ್ಣವನ್ನು ಹೊಗಳಿದ್ದ. ನಲ್ಲೂರಿನ ಬೀಗರು ಎರಡು ಸಲ ನೋಡಿದ್ದರು. ಎರಡನೇ ಸಲ ಬೀಗತಿ ಜೋಗುಳ ಕೇಳುತ್ತಾ ಕಣ್ಣೀರು ಹಾಕಿದ್ದರು. ಇದರ ಕೀರ್ತಿಯಿಂದ ಸೂಳೆಕೆರೆ ದಂಡೆಯ ಒಂದು ಊರಿನ ಗೃಹಪ್ರವೇಶಕ್ಕೂ ವಿಡಿಯೋ ತೆಗೆಯಲು ನನ್ನನ್ನು ಕರೆಸಿಕೊಂಡಿದ್ದರು. ನನ್ನ ಹೆಂಡತಿಯಂತೂ ಸುತ್ತಲಿನ ತೊಟ್ಟಿಲುಗಳಿಗೆಲ್ಲ ಬೇಕಾದ ಗಾಯಕಿಯಾಗಿಬಿಟ್ಟಿದ್ದಳು.

"ಅದು ಹೋಗಿಲ್ಲ ಮಾವ," ಎಂದಳು ಸೊಸೆ.

"ಹೋಗಿಲ್ಲ ಅಂದ್ರೆ?"

"ಔಟ್‌ಬಾಕ್ಸ್‌ನಾಗೆ ಐತೆ ಅಂದ್ರೆ ಇನ್ನೂ ನಿಮ್ಮನೆ ಹೊಸ್ತಿಲೇ ದಾಟಿಲ್ಲ ಅಂತ."

"ಅರ್ಧ ಹೋಗಿರಬಹುದು."

"ಮೇಲು ಅರ್ಧ ಹೋಗಲ್ಲ ಮಾವ. ಅಷ್ಟು ದೊಡ್ಡದು ಹೋಗಾಕೇ ಆಗಲ್ಲ. ಯಾರಿಗೂ ಹೋಗಿಲ್ಲ. ಅದನ್ನೇ ದಿನಾ ಕಳ್ಸಾಕೆ ಹೋಗಿ ಹೋಗಿ ಪಾಪ ಅದು ಸುಸ್ತಾಗೈತೆ. ಬರೋ ಮೇಲ್ ತೊಗೊಳ್ಳಾಕೆ ಅದಕ್ಕೆ ಪುರುಸೊತ್ತೆಲ್ಲೈತೆ?"

ನಾನು ಸ್ತಂಭೀಭೂತನಾದೆ. ಇಲಾಖೆಯಲ್ಲಿ ಕಡತಗಳು ಮಾಯವಾಗಿದ್ದನ್ನು ಕಂಡಿದ್ದೇನೆ, ಮಾಯವಾದ ಕಡತಗಳ ಮೇಲೆ ಆದೇಶವಾಗಿದ್ದನ್ನೂ ಕಂಡಿದ್ದೇನೆ. ಆದರೆ ಹೊರಡದೇ ಇದ್ದ ತಪಾಲಿಗೆ ಮೂರು ತಾಲ್ಲೂಕುಗಳಿಂದ ಮೆಚ್ಚುಗೆಯ ಸ್ವೀಕೃತಿ ಬಂದದ್ದನ್ನು ನನ್ನ ಇಡೀ ಸೇವಾವಧಿಯಲ್ಲಿ ಕಂಡಿರಲಿಲ್ಲ. ನಡುಗದ ಕೈ! ಹೂವಿನ ಬಣ್ಣ! ಬೀಗತಿಯ ಕಣ್ಣೀರು! ಮಂಡಕ್ಕಿ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಹೆಂಡತಿ ನನ್ನನ್ನೂ ಪರದೆಯನ್ನೂ ಬದಲಿಸಿ ಬದಲಿಸಿ ನೋಡಿದಳು.

"ಹಂಗಾದ್ರೆ ಜಗಳೂರು ಭಾವ ನೋಡಿದ್ದು ಏನನ್ನ?"

ಆಗ ನನಗೆ ಇನ್ನೊಂದು ನೆನಪಾಯಿತು. "ಏನವ್ವಾ, ನೀನೂ ನೋಡಿದೀನಿ ಅಂದಿದ್ದೆ. ಚೆನ್ನಾಗೈತೆ ಮಾವ ಅಂದಿದ್ದೆ."

ಗ್ರಂಥಾಲಯದಲ್ಲಿ ಯಾರೋ ಕುರ್ಚಿ ಎಳೆದ ಸದ್ದು ಕೇಳಿಸಿತು.

"ಮಾವ, ಸಿಗ್ನಲ್ ಸರಿ ಇಲ್ಲ."

"ಸಿಗ್ನಲ್ ಚೆನ್ನಾಗೇ ಐತೆ."

"ನೀವು ಅಷ್ಟು ಆಸೆಯಿಂದ ಕೇಳಿದ್ರಿ. ಇಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ. ಈಗ ಅದೆಲ್ಲ ಬಿಡ್ರಿ ಮಾವ, ನಾಲ್ಕಾಗ್ತಾ ಬಂತು! ಅದನ್ನ ತೆಗೀರಿ ಮೊದ್ಲು."

ತೆಗೆಯಲು ಹೋದರೆ ಯಂತ್ರ ಬಿಡಲೊಲ್ಲದು. ಕಳಿಸುತ್ತಿರುವುದನ್ನು ಅಳಿಸಲಾಗದು ಎಂಬರ್ಥದ ಸೂಚನೆ ಕೊಟ್ಟಿತು. ಮೊದಲು ಇಂಟರ್ನೆಟ್ಟನ್ನೇ ಬಂದ್ ಮಾಡಬೇಕು ಎಂದಳು ಸೊಸೆ. ಮೇಲ್ ಬರಬೇಕೆಂದು ಕಾದು ಕೂತವರು ಮೇಲ್ ಬರುವ ದಾರಿಯನ್ನೇ ಮುಚ್ಚಬೇಕು. ಯಾವ ಶಾಸ್ತ್ರದಲ್ಲಿದೆಯೋ ಗೊತ್ತಿಲ್ಲ, ಮುಚ್ಚಿದೆ. ಬೆರಳನ್ನು ಡಬ್ಬದ ಕಡೆ ಒಯ್ದೆ. ಹೆಂಡತಿ ಕೈ ಹಿಡಿದಳು.

"ತೊಟ್ಟಿಲನ್ನ ಡಬ್ಬಕ್ಕೆ ಹಾಕ್ಬೇಡ್ರಿ. ಕೂಸಿಂದು ಅದು. ಅಪಶಕುನ."

"ಅತ್ತೇ," ಎಂದಿತು ಫೋನು, ಈಗ ಪಿಸುಮಾತು ಬಿಟ್ಟು, "ಆ ತೊಟ್ಟಿಲಾಗಿದ್ದ ಕೂಸು ಅಲ್ಲಿ ಹೊನ್ನಾಳ್ಯಾಗೆ ಕುಂತೈತೆ! ಅದರತ್ರ ಹೋಗಾಕೇ ಅಲ್ವಾ ಇದೆಲ್ಲ?" ಅವಳ ದನಿ ಒಡೆದಿತ್ತು.

ಹೆಂಡತಿ ಕೈ ಸಡಿಲಿಸಿದಳು. "ನಾನು ಹಾಡಿದ್ದನ್ನ ಯಾರೂ ಕೇಳಿಲ್ಲ ಅಂದಂಗಾಯ್ತು. ನಾನಾದ್ರೂ ಒಂದು ಸಲ ಕೇಳ್ತೀನಿ. ಆಮೇಲೆ ಹಾಕ್ರಿ."

ನ್ಯಾಯವಾದ ಬೇಡಿಕೆ. ವಿಡಿಯೋ ತೆರೆದೆ.

ಪರದೆ ಕಪ್ಪಾಗಿತ್ತು. ಯಂತ್ರ ಕೆಟ್ಟಿತೆಂದು ಮೊದಲು ಅಂದುಕೊಂಡೆ. ಆಮೇಲೆ ಆ ಕಪ್ಪಿನೊಳಗೆ ಬಟ್ಟೆಯ ನೇಯ್ಗೆ ಮಸುಕಾಗಿ ಕಾಣಿಸಿತು. ಅದು ನನ್ನ ಜುಬ್ಬಾದ ಜೇಬು. ಮೊಬೈಲಿನ ಗುಂಡಿಯನ್ನು ವಿಡಿಯೋ ನಿಲ್ಲಿಸಲೆಂದು ಒತ್ತಿದಾಗ ಅದು ಶುರುವಾಗಿತ್ತೆಂದೂ, ಶುರುಮಾಡಲು ಒತ್ತಿದಾಗ ನಿಂತಿತ್ತೆಂದೂ ಆ ಕ್ಷಣ ಮನವರಿಕೆಯಾಯಿತು. ಕತ್ತಲೊಳಗಿಂದ ನನ್ನದೇ ದನಿ ಗಂಭೀರವಾಗಿ ಕೇಳಿಬಂತು: "ಇಲ್ಲಿ ಇನ್ನೊಂದು ಹೋಳಿಗೆ ಹಾಕಪ್ಪ. ತುಪ್ಪ ಏನು ಔಷಧಿ ಬಿಟ್ಟಂಗೆ ಬಿಡ್ತೀಯ?"

"ಹಾಡು ಎಲ್ಲೈತೆ?" ಎಂದಳು ಹೆಂಡತಿ.

ಮುಂದಕ್ಕೆ ಸರಿಸಿದೆ. ದೂರದಲ್ಲಿ, ಬಟ್ಟೆಯ ಆಚೆ, ಜೋಗುಳ ಶುರುವಾಯಿತು. ಅವಳ ಮುಖ ಅರಳಿತು. ಮುಂದೆ ಬಾಗಿ ಕಿವಿ ಹತ್ತಿರ ತಂದಳು. ಆಗ ಜೇಬಿಗೆ ತೀರಾ ಹತ್ತಿರದಿಂದ, ಅತಿ ಸ್ಪಷ್ಟವಾಗಿ, ನನ್ನ ದನಿ ಮತ್ತೆ ಬಂತು:

"ಶುರುವಾಯ್ತು ನೋಡ್ರಿ. ಇದು ಸದ್ಯಕ್ಕೆ ಮುಗಿಯಲ್ಲ. ಅಷ್ಟರಾಗೆ ಕೈ ತೊಳ್ಕೊಂಡು ಎಲೆ ಅಡಿಕೆ ಹಾಕ್ಕೊಂಡು ಬರಾನ ಬರ್ರಿ."

ಫೋನಿನ ಆ ತುದಿಯಲ್ಲಿ ಸೊಸೆ ನಕ್ಕಳೋ ಕೆಮ್ಮಿದಳೋ ಹೇಳಲಾರೆ. ಈ ತುದಿಯಲ್ಲಿ ಯಾರೂ ನಗಲಿಲ್ಲ. ಬಂಧುಬಳಗದ ಸುಳ್ಳಿಗೆ ಬೆರಗಾಗಿ ಕೂತಿದ್ದ ನನಗೆ ನನ್ನ ಸತ್ಯವೇ ಎದುರು ಬಂದು ನಿಂತಿತ್ತು. ಬಂಧುಗಳೇ ವಾಸಿ ಅನ್ನಿಸಿತು.

ಹೆಂಡತಿ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು. ಅವಳು ಆ ಯಂತ್ರವನ್ನು ಹಿಂದೆಂದೂ ಮುಟ್ಟಿದವಳಲ್ಲ.

"ಯಾವ್ದವ್ವಾ ಆ ಡಬ್ಬ?" ಎಂದು ಫೋನಿಗೆ ಕೇಳಿದಳು.

"ಮೇಲ್ಗಡೆ ಐತಲ್ಲ ಅತ್ತೆ, ಅದೇ."

ಒತ್ತಿದಳು. ಇಂಟರ್ನೆಟ್ ಮತ್ತೆ ಹಚ್ಚಿದೆ. ಉಂಗುರ ಎರಡು ಸುತ್ತು ಸುತ್ತಿ ಮಾಯವಾಯಿತು. ವಾರದಿಂದ ಬಾಗಿಲಲ್ಲಿ ನಿಂತಿದ್ದ ಮೇಲ್‌ಗಳೆಲ್ಲ ದಬದಬನೆ ಒಳಗೆ ಬಿದ್ದವು. ಅವುಗಳ ನಡುವೆ ನ್ಯಾಮತಿಯ ಆರ್ಡರು. ನಾನು ಕೂಡಲೇ ಉತ್ತರಕ್ಕೆ ಕೈ ಹಚ್ಚಿ, "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಪತ್ರವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ" ಎಂದು ಗಟ್ಟಿಯಾಗಿ ಓದುತ್ತಾ ಟೈಪು ಮಾಡತೊಡಗಿದೆ.

"ಮಾವಾ! ಒಪ್ಪಿದೀನಿ ಅಂತ ಬರೀರಿ ಸಾಕು! ಕೆಳಗೆ ನನ್ನ ಹೆಸ್ರು!"

ನಾನು ಜೀವನದಲ್ಲಿ ಬರೆದ ಅತ್ಯಂತ ಚಿಕ್ಕ ಪತ್ರ ಅದು. ಕಳಿಸಿದ ಮೇಲೆ ಅವಳು ಔಟ್‌ಬಾಕ್ಸ್ ನೋಡಿಸಿದಳು. ಖಾಲಿ ಇತ್ತು. ಐದಕ್ಕೆ ಇನ್ನೂ ಹೊತ್ತಿತ್ತು.

ಎರಡು ದಿನ ಬಿಟ್ಟು ಜಗಳೂರಿನ ಷಡ್ಡಕ ಫೋನ್ ಮಾಡಿದ. ಮಾತಿನ ನಡುವೆ, "ಆ ತೊಟ್ಟಿಲು ವಿಡಿಯೋ ಮೊನ್ನೆ ಇನ್ನೊಂದು ಸಲ ನೋಡಿದ್ವಿ ಕಣ್ರಿ. ಎಷ್ಟು ಸಲ ನೋಡಿದ್ರೂ ಬೇಜಾರಾಗಲ್ಲ" ಎಂದ. ನಾನು ಸಂತೋಷ ಎಂದೆ. ಒಳಗೆ ಹೆಂಡತಿ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ಇಡುತ್ತಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಹೋಳಿಗೆಯ ದಿನ ತುಪ್ಪವನ್ನು ಔಷಧಿ ಬಿಟ್ಟಂತೆಯೇ ಬಿಡಲಾಗುತ್ತಿದೆ.

ಇಮೇಲ್ ಈಗ ಸ್ನಾನಕ್ಕೆ ಏಳುವ ಮೊದಲೇ ತೆರೆದುಕೊಳ್ಳುತ್ತದೆ. ಸೊಸೆ ಮರುತಿಂಗಳೇ ನ್ಯಾಮತಿಯಲ್ಲಿ ಕೆಲಸಕ್ಕೆ ಸೇರಿದಳು. ದಿನಾ ಸಂಜೆಯ ಬಸ್ಸಿಗೆ ಹೊನ್ನಾಳಿಯ ಮನೆಗೆ ಬರುತ್ತಾಳೆ.